ಸಂಚಕಾರ ಕೊಡೋಕಿಂತ ಮೊದ್ಲು ವಕೀಲರ ಹತ್ರ ಹೋಗಿ: ಉತ್ತರ ಕನ್ನಡದಲ್ಲಿ ಮನೆ ತಗೊಳ್ಳೋರಿಗೆ ಸಮಗ್ರ ಮಾರ್ಗದರ್ಶಿ

"ಸಂಚಕಾರ ಕೊಟ್ಟಾಯ್ತು, ಇನ್ನು ಪತ್ರ ಮಾಡ್ಸೋಕೆ ಒಬ್ರು ವಕೀಲರನ್ನ ಹೇಳಿ" ಅಂತ ಪರಿಚಯದವರು ಫೋನ್ ಮಾಡ್ತಾ ಇರ್ತಾರೆ. ಅವರಿಗೆ ಏನು ಹೇಳೋದು ಅಂತ ನಂಗೆ ಪ್ರತಿ ಸಲ ಕಷ್ಟ ಆಗ್ತದೆ, ಯಾಕಂದ್ರೆ ವಕೀಲರ ಕೆಲಸದಲ್ಲಿ ಮುಕ್ಕಾಲು ಭಾಗ ಸಂಚಕಾರಕ್ಕಿಂತ, ಅಂದ್ರೆ ಮುಂಗಡ ಕೊಡೋಕಿಂತ, ಮೊದ್ಲೇ ಆಗಿರ್ಬೇಕಿತ್ತು, ದುಡ್ಡು ಆಚೆ ಹೋದ್ಮೇಲೆ ಅವರು ತಪ್ಪು ಹುಡುಕಿ ಕೊಟ್ರೂ ನಮ್ಮ ಕೈಯಲ್ಲಿ ಜೋರು ಇರೋದಿಲ್ಲ.

ನಾನೂ ಇದೇ ತಪ್ಪು ಮಾಡಿದ್ದೆ. ಮೂಲ ಶಿರಸಿ ಕಡೆ, ಕೆಲಸ ಕಾರವಾರದಲ್ಲಿ, ಮಧ್ಯದಲ್ಲಿ ಎಲ್ಲಾದ್ರೂ ಒಂದು ಮನೆ ಇರ್ಲಿ ಅಂತ ಹುಡುಕ್ತಾ ಇದ್ದಾಗ ಅಂಕೋಲಾ ಹತ್ರ ಹೈವೇಯಿಂದ ಸ್ವಲ್ಪ ಒಳಗೆ ಒಂದು ಹೆಂಚಿನ ಮನೆ ಸಿಕ್ತು, ಬೇಸಿಗೆಲೂ ನೀರಿರೋ ಬಾವಿ, ಹಿತ್ಲಲ್ಲಿ ತೆಂಗಿನ ಮರ, ಮನೆಯವಳಿಗಂತೂ ನೋಡಿದ ಕೂಡ್ಲೇ ಇಷ್ಟ ಆಯ್ತು. ದಲ್ಲಾಳಿ "ನಾಳೆ ಗೋವಾದಿಂದ ಪಾರ್ಟಿ ಬರ್ತದೆ, ಇವತ್ತೇ ಸಂಚಕಾರ ಕೊಟ್ಬಿಡಿ" ಅಂದ್ರು. ಬಾಂಡ್ ಪೇಪರ್ ಮೇಲೆ ಅರ್ಧ ಪುಟ ಬರ್ಸಿ 2 ಲಕ್ಷ ಕೊಟ್ಟೆ. ವಾರದ ಮೇಲೆ ಕಾಗದ ನೋಡಿದ ವಕೀಲರು ಹೇಳಿದ್ದು, ಮನೆಯ ಮುಂದಿನ ಅರ್ಧ ಮಾತ್ರ ಮಾಲ್ಕಿ (ಸ್ವಂತ ಒಡೆತನದ) ಜಾಗ; ಅಡಿಗೆ ಮನೆ, ಕೊಟ್ಟಿಗೆ, ಆ ಬಾವಿ ಎಲ್ಲ ಇರೋದು ಅರಣ್ಯದ ಸರ್ವೆ ನಂಬರಲ್ಲಿ. ಆ 2 ಲಕ್ಷ ವಾಪಸ್ ಬರೋಕೆ ಹನ್ನೊಂದು ತಿಂಗಳು ಬೇಕಾಯ್ತು, ಐದು ಕಂತಲ್ಲಿ ಬಂತು. ಎರಡು ವರ್ಷ ಬಿಟ್ಟು ಕುಮಟಾ ತಾಲೂಕಲ್ಲಿ ಈಗಿರೋ ಮನೆ ತಗೊಂಡಾಗ ಮೊದ್ಲು ವಕೀಲರು, ಆಮೇಲೆ ದುಡ್ಡು ಅಂತ ಹೋದ್ವಿ. ಕೆಳಗಿರೋದೆಲ್ಲ ಆ ಎರಡು ಅನುಭವದಿಂದ ಮತ್ತೆ ಆ ವಕೀಲರ ಬಾಯಿಂದ ಕಲ್ತಿದ್ದು.

ಯಾರು ಯಾರ ಪರ ಅಂತ ಮೊದ್ಲು ತಿಳ್ಕೊಳ್ಳಿ

ಮನೆ ಖರೀದಿಲಿ ನಾಲ್ಕು ಜನ ಕಾಗದ ಮುಟ್ತಾರೆ. ಬಾಂಡ್ ರೈಟರ್ ನೀವು ಹೇಳಿದ್ದನ್ನ ಪತ್ರದ ಭಾಷೆಲಿ ಬರೀತಾರೆ, ಮಾರೋನಿಗೆ ಹಕ್ಕು ಇದ್ಯಾ ಇಲ್ವಾ ಅನ್ನೋದು ಅವರ ಕೆಲಸ ಅಲ್ಲ. ಸಬ್‌ರಿಜಿಸ್ಟ್ರಾರ್ ಪತ್ರಕ್ಕೆ ಸರಿಯಾದ ಶುಲ್ಕ ಕಟ್ಟಿದ್ದಾರಾ, ಸಹಿ ಮಾಡಿದವರು ಅವರೇನಾ, ಬೇಕಾದ ದಾಖಲೆ ಲಗತ್ತಾಗಿದ್ಯಾ ಅಂತ ನೋಡ್ತಾರೆ, ಹಕ್ಕಿನ ಮೂಲ ಶೋಧಿಸಿ ಗ್ಯಾರಂಟಿ ಕೊಡೋದಿಲ್ಲ. ರಿಜಿಸ್ಟರ್ ಆಯ್ತು ಅಂದ್ರೆ ಸರ್ಕಾರನೇ ಸರಿ ಅಂತ ಹೇಳ್ದಂಗೆ ಅಂತ ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ, ಅದು ಹಂಗಲ್ಲ. ಮೂರನೇದು ಬ್ಯಾಂಕಿನ ಪ್ಯಾನೆಲ್ ವಕೀಲರು. ಸಾಲ ತಗೊಂಡ್ರೆ ಅವರ ಫೀ ನೀವೇ ಕೊಡ್ತೀರಿ, ಆದ್ರೆ ಅವರು ವರದಿ ಕೊಡೋದು ಬ್ಯಾಂಕಿಗೆ, ನೋಡೋದು ಬ್ಯಾಂಕಿನ ಸಾಲಕ್ಕೆ ಭದ್ರತೆ ಸಾಕಾ ಅಂತ. ದಾರಿ ಇದ್ಯಾ, ನೀರು ಎಲ್ಲಿಂದ ಬರ್ತದೆ, ಪಕ್ಕದವರ ಜೊತೆ ಗಲಾಟೆ ಇದ್ಯಾ ಅನ್ನೋದೆಲ್ಲ ಅವರ ಫಾರ್ಮಲ್ಲಿ ಇರೋದಿಲ್ಲ. ಹಂಗಾಗಿ ನಾಲ್ಕನೇ ವ್ಯಕ್ತಿ, ನಿಮ್ಮ ಪರ ಮಾತ್ರ ಯೋಚನೆ ಮಾಡೋ ನಿಮ್ಮದೇ ವಕೀಲರು, ಬೇಕೇ ಬೇಕು. ಮಾರೋರ ವಕೀಲರೇ ಇಬ್ರಿಗೂ ಮಾಡ್ಕೊಡ್ತಾರೆ, ಖರ್ಚು ಉಳೀತದೆ ಅಂತ ಯಾರಾದ್ರೂ ಹೇಳಿದ್ರೆ ಒಪ್ಬೇಡಿ.

1. ವಕೀಲರನ್ನ ಆರಿಸೋದು

ಸಿವಿಲ್ ಕಡೆ ಕೆಲಸ ಮಾಡೋರು, ರೆವೆನ್ಯೂ ಕಾಗದ ಓದಿ ರೂಢಿ ಇರೋರು, ಸಾಧ್ಯ ಆದ್ರೆ ಆ ತಾಲೂಕಿನವರೇ ಆಗ್ಬೇಕು. ಇದಕ್ಕೆ ಕಾರಣ ಇದೆ. ನಮ್ಮ ಜಿಲ್ಲೆ 1956ರ ತನಕ ಮುಂಬೈ ಪ್ರಾಂತ್ಯದಲ್ಲಿ ಇದ್ದಿದ್ದು, ಹಳೇ ಕಾಗದದಲ್ಲಿ ಮಾಲ್ಕಿ, ಬಿನ್‌ಶೇತ್ಕಿ (ಕೃಷಿಯೇತರ), ಬೋಜಾ (ಸಾಲದ ಭಾರ), ಉತಾರ (ಪಹಣಿ) ಇಂಥ ಮಾತೇ ಇರ್ತಾವೆ, ಬೆಂಗಳೂರಲ್ಲಿ ಫ್ಲಾಟ್ ಪತ್ರ ಮಾತ್ರ ನೋಡಿದವರಿಗೆ ಬೆಟ್ಟ ಭೂಮಿ ಅಂದ್ರೆ ಏನು ಅಂತ ನಾವೇ ವಿವರಿಸ್ಬೇಕಾಗ್ತದೆ.

ಮೊದಲ ಭೇಟಿಲೇ ಮೂರು ವಿಷ್ಯ ಬಿಡಿಸಿ ಕೇಳಿ. ಒಂದು, ಫೀ ಎಷ್ಟು, ಅದ್ರಲ್ಲಿ ದಾಖಲೆ ತೆಗ್ಸೋ ಖರ್ಚು ಸೇರಿದ್ಯಾ. ಎರಡು, ಕೊನೆಗೆ ಬರವಣಿಗೆಲಿ ಲೀಗಲ್ ಒಪಿನಿಯನ್ ಕೊಡ್ತಾರಾ, ಯಾಕಂದ್ರೆ ಬಾಯಲ್ಲಿ "ಎಲ್ಲ ಸರಿ ಇದೆ" ಅಂದಿದ್ದು ನಾಳೆ ಯಾರ ನೆನಪಲ್ಲೂ ಇರೋದಿಲ್ಲ. ಮೂರು, ಮಾರೋರ ಕುಟುಂಬದ ಕೇಸು ಏನಾದ್ರೂ ಅವರೇ ನಡೆಸ್ತಾ ಇದ್ದಾರಾ. ಸಣ್ಣ ಊರಲ್ಲಿ ಒಬ್ರೇ ವಕೀಲರು ಎರಡೂ ಮನೆಗೆ ಬೇಕಾದವರು ಆಗಿರೋದು ಸಹಜ, ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳೋದಿಲ್ಲ.

2. ಕಾಗದ ಕೂಡ್ಸಿ ಕೊಡೋದು

ಮಾರೋರಿಂದ ಇಷ್ಟನ್ನ ಜೆರಾಕ್ಸ್ ತಗೊಂಡು ವಕೀಲರಿಗೆ ಕೊಡಿ, ಮೂಲ ಪ್ರತಿ ಒಂದ್ಸಲ ಕಣ್ಣಲ್ಲಿ ನೋಡಿ: ಅವರಿಗೆ ಆಸ್ತಿ ಹೆಂಗೆ ಬಂತು ಅನ್ನೋ ಪತ್ರ, ಅದು ಖರೀದಿ ಪತ್ರ, ಪಾಲು ಪತ್ರ, ದಾನಪತ್ರ ಅಥವಾ ಉಯಿಲು ಯಾವ್ದಾದ್ರೂ ಇರ್ಬಹುದು, ಅದರ ಹಿಂದಿನ ಪತ್ರಗಳು, ಈಗಿನ ಮತ್ತೆ ಹಳೇ ಕೈಬರಹದ ಪಹಣಿ, ಮ್ಯುಟೇಶನ್ ಎಂಟ್ರಿಗಳು (ಮಾಲೀಕರ ಹೆಸರು ಬದಲಾದ ದಾಖಲೆ), ಬಿನ್‌ಶೇತ್ಕಿ ಆದೇಶ, ಮನೆ ಕಟ್ಟೋಕೆ ಕೊಟ್ಟ ಪರವಾನಗಿ, ತೆರಿಗೆ ರಸೀದಿ, ಕರೆಂಟ್ ಬಿಲ್. ಪಂಚಾಯ್ತಿ ವ್ಯಾಪ್ತಿ ಆದ್ರೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಯ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತೆ 11, ಕಾರವಾರ, ಶಿರಸಿ ನಗರಸಭೆ ಅಥವಾ ಕುಮಟಾ, ಭಟ್ಕಳದಂಥ ಪೇಟೆ ಒಳಗೆ ಆದ್ರೆ ಇ-ಆಸ್ತಿ ಖಾತೆ. ಇಂಥ ಆನ್‌ಲೈನ್ ಖಾತೆ, ಅಂದ್ರೆ ಇ-ಖಾತೆ, ಇಲ್ದೆ ಈಗ ರಿಜಿಸ್ಟ್ರೇಷನ್ ಮುಂದೆ ಹೋಗೋದಿಲ್ಲ. ನಮೂನೆ 11ರಲ್ಲಿ 11ಎ ಬೇರೆ 11ಬಿ ಬೇರೆ, 11ಬಿ ಅಂದ್ರೆ ಆ ಆಸ್ತಿ ನಿಯಮದ ಪ್ರಕಾರ ಆಗಿದ್ದಲ್ಲ ಅಂತ ಅರ್ಥ, ಬ್ಯಾಂಕ್ ಸಾಲಕ್ಕೆ ಅಲ್ಲೇ ತೊಡಕು ಶುರು.

ಇಸಿ, ಅಂದ್ರೆ ಋಣಭಾರ ಪತ್ರ, ನೀವೇ ಕಾವೇರಿ 2.0 ಅನ್ನೋ ನೋಂದಣಿ ಇಲಾಖೆಯ ಸೈಟಲ್ಲಿ ಅರ್ಜಿ ಹಾಕಿ ತೆಗೀಬಹುದು. ಆದ್ರೆ ಆನ್‌ಲೈನಲ್ಲಿ ಸಿಗೋದು 2004ರಿಂದ ಈಚೆಗಿಂದು, ಅದಕ್ಕಿಂತ ಹಿಂದಿಂದು ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಪುಸ್ತಕ ಹುಡುಕ್ಸಿ ತರ್ಬೇಕು. ಹುಡುಕೋವಾಗ ಈಗಿನ ಹಿಸ್ಸಾ (ಸರ್ವೆ ನಂಬರಿನ ತುಂಡಿನ) ನಂಬರ್ ಒಂದೇ ಕೊಟ್ರೆ ಸಾಲ್ದು, ಪೋಡಿ ಆಗೋ, ಅಂದ್ರೆ ಜಾಗ ಅಳೆದು ತುಂಡು ಮಾಡೋ, ಮೊದ್ಲು ಇದ್ದ ಮೂಲ ಸರ್ವೆ ನಂಬರಿಗೂ ಹುಡುಕ್ಸಿ, ಇಲ್ದಿದ್ರೆ ಹಳೇ ಅಡವು "ಇಲ್ಲ" ಅಂತಲೇ ಬರ್ತದೆ. ಈ ತರದ ಜಾಗದಲ್ಲೇ ಅನುಭವ ಇರೋ ವಕೀಲರು ಬೇಕಾಗೋದು.

3. ಹಕ್ಕಿನ ಮೂಲ ಓದೋದು

ಇದೇ ಇಡೀ ಖರೀದಿಯ ಜೀವ. ಸಾಧಾರಣ 30 ವರ್ಷದ್ದು ನೋಡಿದ್ರೆ ಸಾಕು ಅಂತಾರೆ, ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಗೆ ಅದು ಸಾಲ್ದು, 1974ರ ಮಾರ್ಚ್ ತನಕ ಹಿಂದೆ ಹೋಗ್ಬೇಕು. ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರು ಒಡೆಯರಾದ ಕಾಲ ಅದು, ಇಲ್ಲಿ ಎಷ್ಟೋ ಮನೆ ಜಾಗ ಆಗ ಗೇಣಿ ಜಮೀನು. ಭೂನ್ಯಾಯ ಮಂಡಳಿಯ ಆದೇಶ ಯಾರ ಹೆಸರಿಗೆ ಆಯ್ತು, ಅದು ಕುಟುಂಬದ ಪರವಾಗಿ ತಗೊಂಡಿದ್ದಾ ಒಬ್ರಿಗೇನಾ ಅನ್ನೋದು ನೋಡ್ಬೇಕು, ಮತ್ತೆ ಆದೇಶ ಅಂತಿಮ ಆದ ದಿನದಿಂದ 15 ವರ್ಷ ಮಾರೋ ಹಂಗಿಲ್ಲ ಅನ್ನೋ ನಿರ್ಬಂಧ ಇತ್ತು. ಆ 15 ವರ್ಷ ಯಾವಾಗ್ಲೋ ಮುಗ್ದೋಯ್ತಲ್ಲ ಅನ್ಸಬಹುದು, ಆದ್ರೆ ಕೆಲವು ಕೇಸು ಹೈಕೋರ್ಟಿಗೆ ಹೋಗಿ ಮರುವಿಚಾರಣೆಗೆ ವಾಪಸ್ ಬಂದು ಬಹಳ ತಡ ಆಗಿ ಮುಗ್ದಿದ್ದಾವೆ, ಮಧ್ಯೆ ಆದ ಮಾರಾಟ ಪ್ರಶ್ನೆಗೆ ಬೀಳ್ತದೆ. ಹಂಗೇ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ದೆ ಆದ ಮಾರಾಟ ನಿಲ್ಲೋದಿಲ್ಲ, 2023ರ ತಿದ್ದುಪಡಿ ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಅಂತಲೂ ಹೇಳ್ತದೆ.

ಆಮೇಲೆ ವಂಶವೃಕ್ಷ. ಕುಮಟಾದ ಮನೆ ಕಾಗದ ಕೊಟ್ಟಾಗ ಏನಾಯ್ತು ಅಂತ ಹೇಳ್ತೇನೆ. ವಕೀಲರು ಕೋರ್ಟಿನಿಂದ ಬಂದು ಕೋಟು ಕುರ್ಚಿಗೆ ಹಾಕಿ, ಒಂದು ಹಳೇ ಕವರಿನ ಹಿಂದೆ ಮೇಲೆ ಅಜ್ಜನ ಹೆಸರು ಬರ್ದು ಕೆಳಗೆ ನಾಲ್ಕು ಗೆರೆ ಎಳ್ದ್ರು. ಅಜ್ಜ ತೀರಿದ್ದು 1987, ವಾರಸಾ ಎಂಟ್ರಿಲಿ ನಾಲ್ಕು ಗಂಡುಮಕ್ಕಳ ಹೆಸರು, ಆಮೇಲೆ ಅವರಲ್ಲೇ ಪಾಲಾಗಿ ನಮ್ಮ ಮಾರಾಟಗಾರರಿಗೆ ಬಂದಿದ್ದು. ಪೆನ್ನು ಗೆರೆ ಮೇಲೇ ಇಟ್ಕೊಂಡು "ತಮ್ಮಾ, ಈ ಅಜ್ಜಂಗೆ ಹೆಣ್ಮಕ್ಕಳು ಇರ್ಲಿಲ್ವಾ?" ಅಂದ್ರು. ನಂಗೇನು ಗೊತ್ತು. ಫೋನ್ ಹಚ್ಚಿ ಕೇಳಿದ್ರೆ "ಒಬ್ಳು ಅಕ್ಕ ಇದ್ದಾಳೆ ಮಡಗಾಂವಲ್ಲಿ, ಮದ್ವೆ ಆಗಿ ನಲ್ವತ್ತು ವರ್ಷ ಆಯ್ತು, ಅವಳೇನೂ ಕೇಳೋಳಲ್ಲ" ಅಂತ ಉತ್ತರ ಬಂತು. ವಕೀಲರು ಐದನೇ ಗೆರೆ ಎಳೆದು ಅದರ ಸುತ್ತ ಒಂದು ಸುತ್ತು ಹಾಕಿದ್ರು.

ಹೆಣ್ಮಕ್ಕಳ ಪಾಲು ಅಂದ್ರೆ 2005ರ ತಿದ್ದುಪಡಿ ಅಂತ ಎಲ್ಲರೂ ಹೇಳ್ತಾರೆ, ನಿಜ, 2020ರಲ್ಲಿ ಸುಪ್ರೀಂ ಕೋರ್ಟು ಮಗಳಿಗೆ ಹುಟ್ಟಿನಿಂದಲೇ ಹಕ್ಕು, ಅಪ್ಪ 2005ರಲ್ಲಿ ಬದುಕಿರ್ಬೇಕು ಅಂತೇನಿಲ್ಲ ಅಂತ ಸ್ಪಷ್ಟ ಮಾಡಿದೆ. ಆದ್ರೆ ಅದಕ್ಕೂ ಮೊದ್ಲೇ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಲೇ ಉಯಿಲು ಬರೀದೆ ತೀರಿಹೋದ ಅಪ್ಪನ ಪಾಲಲ್ಲಿ ಮಗಳಿಗೆ ಮಗನಷ್ಟೇ ಭಾಗ ಇತ್ತು. ವಾರಸಾದಲ್ಲಿ ಹೆಸರು ಬಿಟ್ರು ಅಂದ್ರೆ ಹಕ್ಕು ಹೋಯ್ತು ಅಂತಲ್ಲ, ಪಹಣಿ ಮ್ಯುಟೇಶನ್ ಎಲ್ಲ ಕಂದಾಯದ ದಾಖಲೆ, ಅದರಿಂದಲೇ ಹಕ್ಕು ಹುಟ್ಟೋದೂ ಇಲ್ಲ ಸಾಯೋದೂ ಇಲ್ಲ. ಆ ಅಕ್ಕ ಮಡಗಾಂವಿಂದ ರೈಲಲ್ಲಿ ಬಂದು ಖರೀದಿ ಪತ್ರಕ್ಕೆ ಮಾರಾಟಗಾರರಲ್ಲಿ ಒಬ್ಬರಾಗಿ ಸಹಿ ಮಾಡಿದ್ರು. ತಮ್ಮನ ಕೈಯಿಂದ ಅವರ ಭಾಗದ ಡಿಡಿ ತಗೊಂಡು "ಇಷ್ಟು ವರ್ಷದಲ್ಲಿ ನನ್ನ ಕೇಳಿದ್ದು ಇದೇ ಮೊದ್ಲು" ಅಂದಿದ್ದು ನಂಗೆ ಇವತ್ತಿಗೂ ಮರ್ತಿಲ್ಲ. ಕಾಗದ ಗಟ್ಟಿ ಆಗ್ಬೇಕು ಅಂತ ಮಾಡಿದ್ದು ಒಬ್ಬರಿಗೆ ನ್ಯಾಯನೂ ಆಯ್ತು.

ಮುಸ್ಲಿಂ, ಕ್ರಿಶ್ಚಿಯನ್ ಕುಟುಂಬದ ಆಸ್ತಿ ಆದ್ರೆ ವಾರಸುದಾರರ ಲೆಕ್ಕವೇ ಬೇರೆ, ಅದನ್ನ ವಕೀಲರೇ ಹೇಳ್ಬೇಕು. ಅಪ್ರಾಪ್ತ ಮಕ್ಕಳ ಸ್ವಂತ ಹೆಸರಲ್ಲಿ ಭಾಗ ಇದ್ರೆ ಕೋರ್ಟಿನ ಅನುಮತಿ ಇದ್ಯಾ ಕೇಳಿ. ಮಾರೋರು ಗಲ್ಫಲ್ಲಿದ್ದು ಇಲ್ಲಿ ತಮ್ಮನೋ ಭಾವನೋ ಮುಖ್ತ್ಯಾರಪತ್ರದ (ಪವರ್ ಆಫ್ ಅಟಾರ್ನಿ) ಮೇಲೆ ಸಹಿ ಮಾಡ್ತಾರೆ ಅಂದ್ರೆ, ಭಟ್ಕಳ, ಹೊನ್ನಾವರ ಕಡೆ ಇದು ತುಂಬಾ ಸಾಮಾನ್ಯ, ಆ ಮುಖ್ತ್ಯಾರಪತ್ರ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣ ಆಗಿರ್ಬೇಕು, ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟ್ಯಾಂಪ್ ಆಗ್ಬೇಕು, ಅದ್ರಲ್ಲಿ "ಮಾರಾಟ ಮಾಡಿ ಹಣ ಪಡೆಯುವ" ಅಧಿಕಾರ ಬಿಡಿಸಿ ಬರ್ದಿರ್ಬೇಕು. ವಿಡಿಯೋ ಕಾಲ್ ಹಚ್ಚಿ ಮಾಲೀಕರ ಹತ್ರ ನೀವೇ ಮಾತಾಡಿ. ಬರೀ ಜಿಪಿಎ (ಸಾಮಾನ್ಯ ಮುಖ್ತ್ಯಾರಪತ್ರ) ಮೇಲೆ ಕೊಂಡ್ಕೊಂಡು ಬಿಡೋದಂತೂ ಬೇಡ್ವೇ ಬೇಡ, 2011ರಲ್ಲೇ ಸುಪ್ರೀಂ ಕೋರ್ಟು ಅದರಿಂದ ಮಾಲ್ಕಿ ಬರೋದಿಲ್ಲ ಅಂತ ಹೇಳಿದೆ.

ಇನ್ನು ಅರಣ್ಯ. ಘಟ್ಟದ ಮೇಲೆ ತೋಟದ ಮನೆ ನೋಡೋವಾಗ "ಹಿಂದೆ ಒಂದೆಕರೆ ಬೆಟ್ಟ ಇದೆ ನೋಡಿ, ಅದೂ ನಿಮ್ಗೇ" ಅಂತಾರೆ. ಸೊಪ್ಪಿನ ಬೆಟ್ಟ ಅಂದ್ರೆ ಅಡಕೆ ತೋಟಕ್ಕೆ ಸೊಪ್ಪು, ದರಕು ತರೋಕೆ ಕೊಟ್ಟ ಸವಲತ್ತು, ಮಾಲ್ಕಿ ಅಲ್ಲ. ಅಲ್ಲಿ ಮನೆ ಕಟ್ಟಿ ಮಾರೋಕೆ ಬರೋದಿಲ್ಲ. ಅತಿಕ್ರಮಣ ಜಾಗದಲ್ಲಿ ಮನೆ ಇದ್ರೆ "ಅರಣ್ಯ ಹಕ್ಕು ಪತ್ರ ಸಿಕ್ಕಿದೆ" ಅಂತ ತೋರಿಸ್ತಾರೆ, 2006ರ ಅರಣ್ಯ ಹಕ್ಕು ಕಾಯ್ದೆಯ ಆ ಪತ್ರ ಮಕ್ಕಳಿಗೆ ವಾರಸವಾಗಿ ಹೋಗ್ತದೆ, ಮಾರೋಕೆ ಮಾತ್ರ ಆಗೋದಿಲ್ಲ ಅಂತ ಕಾಯ್ದೆಲೇ ಇದೆ. ಅಲ್ಲಿ ಬದುಕ್ತಾ ಇರೋರ ಹಕ್ಕಿನ ಬಗ್ಗೆ ನಂಗೆ ಗೌರವ ಇದೆ, ಆದ್ರೆ ಕೊಳ್ಳೋರ ಕೈಗೆ ಏನೂ ಬರೋದಿಲ್ಲ.

ಕೆಳಗೆ ಕರಾವಳಿಲಿ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ತನಕ ಅದರ ವ್ಯಾಪ್ತಿ. 2011ರ ಅಧಿಸೂಚನೆ ಪ್ರಕಾರ ಹಳ್ಳಿ ಭಾಗದಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡ ಇಲ್ಲ, 2019ರದ್ದು ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರೋ ಹಳ್ಳಿಗಳಿಗೆ ಅದನ್ನ 50 ಮೀಟರ್ ಮಾಡಿತು. ಸಮುದ್ರ ಕಾಣೋದಿಲ್ಲ ಅಂತ ಸುಮ್ನಿರ್ಬೇಡಿ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೊಳೆಗಳಲ್ಲಿ ಉಪ್ಪುನೀರು ಏರಿ ಬರೋ ತನಕ ದಂಡೆಗೂ ಇದು ಅನ್ವಯ. ಮನೆ ಯಾವ ವರ್ಷ, ಯಾವ ಪರವಾನಗಿಲಿ ಕಟ್ಟಿದ್ದು ಅನ್ನೋದನ್ನ ವಕೀಲರು ಕೇಳ್ಲೇಬೇಕು, ಅವರು ಕೇಳ್ದಿದ್ರೆ ನೀವು ನೆನಪು ಮಾಡಿ.

ಹೈವೇ 66ರ ಪಕ್ಕ ಆದ್ರೆ ಇನ್ನೊಂದು. ಚತುಷ್ಪಥಕ್ಕೆ ಜಾಗ ಹೋದಾಗ ಸ್ವಾಧೀನದ ಅಂತಿಮ ಅಧಿಸೂಚನೆ ಹೊರಬಿದ್ದ ದಿನದಿಂದ ಆ ಭಾಗ ಕೇಂದ್ರ ಸರ್ಕಾರದ್ದು, ಪಹಣಿಲಿ ಹಳೇ ವಿಸ್ತೀರ್ಣವೇ ಇನ್ನೂ ಉಳ್ಕೊಂಡಿರ್ಬಹುದು. ಕೊಂಕಣ ರೈಲ್ವೆ, ಕಾರವಾರ ಹತ್ರ ಸೀಬರ್ಡ್ (ನೌಕಾನೆಲೆ) ಯೋಜನೆ, ಇವಕ್ಕೆ ಹೋದ ಜಾಗದ ಪಹಣಿಲೂ ಇದೇ ತೊಂದ್ರೆ ಇರ್ಬಹುದು. ಸೀಬರ್ಡ್ ನಿರಾಶ್ರಿತರಿಗೆ ಹಂಚಿದ ಸೈಟು ಆದ್ರೆ ಹಂಚಿಕೆ ಪತ್ರದ ಷರತ್ತು ಒಂದೊಂದು ಸಾಲು ಓದ್ಸಿ.

ಬೋಜಾ ಮತ್ತೆ ಕೇಸು ಎರಡನ್ನೂ ಬೇಗ ಹೇಳಿ ಮುಗಿಸ್ತೇನೆ. ಪಹಣಿಯ 9ನೇ ಕಾಲಮಲ್ಲಿ ಮಾಲೀಕರ ಹೆಸರು, 11ನೇದ್ರಲ್ಲಿ ಸಾಲ, ಇತರೆ ಹಕ್ಕು. ಸೊಸೈಟಿ ಸಾಲದ ಬೋಜಾ ಅಲ್ಲೇ ಕಾಣ್ತದೆ, "ತೀರ್ಸಿದ್ದೇವೆ, ತೆಗ್ಸಿಲ್ಲ ಅಷ್ಟೇ" ಅಂದ್ರೆ ಸೊಸೈಟಿಯ ಬಾಕಿ ಇಲ್ಲದ ಪತ್ರ ತಂದು ಬೋಜಾ ಇಳಿಸಿದ ಪಹಣಿ ಕೈಗೆ ಬರೋ ತನಕ ಮುಂದೆ ಹೋಗ್ಬೇಡಿ. ಬ್ಯಾಂಕಲ್ಲಿ ಪತ್ರ ಇಟ್ಟು ಸಾಲ ತಗೊಂಡಿದ್ದು ಇಸಿಲಿ ಕಾಣ್ದೆ ಇರ್ಬಹುದು, ಸೆರ್ಸಾಯ್ ಅನ್ನೋ ಕೇಂದ್ರದ ರಿಜಿಸ್ಟ್ರಿಲಿ ಹುಡುಕ್ಸಿ. ಕೋರ್ಟ್ ಕೇಸು ಕೂಡ ಇಸಿಲಿ ಸಾಮಾನ್ಯವಾಗಿ ಬರೋದಿಲ್ಲ, ಇ-ಕೋರ್ಟ್ಸ್ ಸೈಟಲ್ಲಿ ಮಾರೋರ ಹೆಸರು, ಅವರ ಅಣ್ಣತಮ್ಮಂದಿರ ಹೆಸರು ಹಾಕಿ ತಾಲೂಕು ಕೋರ್ಟು, ಜಿಲ್ಲಾ ಕೋರ್ಟು, ಧಾರವಾಡ ಹೈಕೋರ್ಟ್ ಪೀಠ ಮೂರೂ ನೋಡ್ಬೇಕು. ಕೇಸು ನಡೀತಿರೋವಾಗ ಕೊಂಡವನು ತೀರ್ಪಿಗೆ ಬದ್ಧ, ಗೊತ್ತಿರ್ಲಿಲ್ಲ ಅಂದ್ರೆ ನಡಿಯೋದಿಲ್ಲ. ಕೊನೆಗೆ ಜಿಲ್ಲೆಯ ಪತ್ರಿಕೆಲಿ ವಕೀಲರ ಹೆಸರಲ್ಲಿ ಒಂದು ಜಾಹೀರು ಪ್ರಕಟಣೆ ಹಾಕ್ಸಿ, ತಕರಾರು ಇದ್ದೋರು ಇಷ್ಟು ದಿನದಲ್ಲಿ ತಿಳಿಸ್ಬೇಕು ಅಂತ. ಯಾರೂ ಬರ್ಲಿಲ್ಲ ಅಂದ್ರೆ ಅವರ ಹಕ್ಕು ಮುಗೀತು ಅಂತಲ್ಲ, ಆದ್ರೂ ಊರಲ್ಲಿ ಮುಚ್ಚಿಟ್ಟ ಮಾತು ಹೊರಗೆ ಬರೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ.

4. ಜಾಗದ ಮೇಲೆ ನಿಂತು ನೋಡೋದು

ಕಾಗದದಲ್ಲಿರೋ ಜಾಗ ಮತ್ತೆ ಕಣ್ಣೆದುರಿಗಿರೋ ಜಾಗ ಒಂದೇನಾ ಅಂತ ಸರ್ವೇಯರ್ ಹೇಳ್ಬೇಕು. ಹದ್ದುಬಸ್ತಿಗೆ (ಗಡಿ ಅಳತೆಗೆ) ಅರ್ಜಿ ಹಾಕ್ಸಿ, ಸರ್ವೆ ನಂಬರಿನ ಒಂದು ತುಂಡು ಮಾತ್ರ ತಗೊಳ್ಳೋದಾದ್ರೆ 11ಇ ಸ್ಕೆಚ್ (ಆ ತುಂಡಿನ ಸರ್ವೆ ನಕಾಶೆ) ಬೇಕು. ಅಳತೆ ದಿನ ಪಕ್ಕದ ಜಮೀನಿನವರು ಇರೋ ಹಂಗೆ ನೋಡ್ಕೊಳ್ಳಿ, ಗಡಿ ಅಗಳದ (ಕಂದಕದ) ಈಚೆನಾ ಆಚೆನಾ ಅನ್ನೋ ಜಗಳ ಇದ್ರೆ ಅವತ್ತೇ ಗೊತ್ತಾಗ್ತದೆ.

ದಾರಿ ಮತ್ತೆ ನೀರಿನ ವಿಷ್ಯದಲ್ಲಿ ದಯವಿಟ್ಟು ಸಲೀಸಾಗಿ ಬಿಡ್ಬೇಡಿ. ಶಿರಸಿ, ಸಿದ್ದಾಪುರ ಕಡೆ ಎಷ್ಟೋ ಮನೆಗೆ ಹೋಗೋ ದಾರಿ ಇನ್ನೊಬ್ಬರ ತೋಟದ ಅಂಚಲ್ಲಿ, ನೀರು ಇನ್ನೊಬ್ಬರ ಬೆಟ್ಟದ ಅಬ್ಬಿಯಿಂದ ಪೈಪಲ್ಲಿ. ಹಳೇ ಮಾಲೀಕರ ಅಜ್ಜನ ಕಾಲದಿಂದ ನಡ್ಕೊಂಡು ಬಂದಿದ್ದು, ವಿಶ್ವಾಸದ ಮೇಲೆ ಇದ್ದಿದ್ದು, ಹೊರಗಿನವರು ನೀವು ಬಂದ ಕೂಡ್ಲೇ ಆ ವಿಶ್ವಾಸ ಹಂಗೇ ಮುಂದುವರೀತದೆ ಅಂತ ಹೇಳೋಕಾಗೋದಿಲ್ಲ. 20 ವರ್ಷ ತಡೆ ಇಲ್ದೆ ಹಕ್ಕಿನಿಂದ ಬಳಸಿದ ದಾರಿಗೆ ಕಾಯ್ದೆಲಿ ರಕ್ಷಣೆ ಇದೆ, ಆದ್ರೆ ಅದನ್ನ ಕೋರ್ಟಲ್ಲಿ ಸಾಬೀತು ಮಾಡ್ತಾ ಕೂರೋದಕ್ಕಿಂತ ಆ ತೋಟದವರ ಹತ್ರ ಮೊದ್ಲೇ ಹೋಗಿ, ಕವಳ ಹಾಕಿ ಕೂತು ಮಾತಾಡಿ, ಒಪ್ಪಿದ್ರೆ ಒಂದು ದಾರಿ ಹಕ್ಕಿನ ಪತ್ರ ರಿಜಿಸ್ಟರ್ ಮಾಡ್ಸಿ.

5. ಸಂಚಕಾರ ಪತ್ರ

ಈಗ ದುಡ್ಡು ಕೊಡೋ ಕಾಲ. ಈ ಪತ್ರ ನಿಮ್ಮ ವಕೀಲರೇ ಬರೀಲಿ. ಎಲ್ಲ ಹಕ್ಕುದಾರರ ಹೆಸರು, ಒಟ್ಟು ಬೆಲೆ, ಕೊಟ್ಟಿದ್ದೆಷ್ಟು, ಉಳಿದಿದ್ದು ಯಾವಾಗ, ಎಷ್ಟು ದಿನದೊಳಗೆ ಖರೀದಿ ಪತ್ರ, ಬೋಜಾ ಯಾರು ಇಳಿಸ್ಬೇಕು, ಪಂಪ್‌ಸೆಟ್, ತೆಂಗಿನ ಮರ, ಟ್ಯಾಂಕು ಸೇರಿದ್ಯಾ ಎಲ್ಲ ಬರೀಬೇಕು. ಎರಡು ಷರತ್ತು ಬಿಡ್ಲೇಬಾರ್ದು: ಹಕ್ಕಿನಲ್ಲಿ ದೋಷ ಕಂಡ್ರೆ ಸಂಚಕಾರ ಪೂರ್ತಿ ವಾಪಸ್, ಇಷ್ಟು ದಿನದಲ್ಲಿ, ಬ್ಯಾಂಕು ದಾಖಲೆ ಸರಿ ಇಲ್ಲ ಅಂತ ಸಾಲ ಕೊಡ್ದೆ ಹೋದ್ರೂ ವಾಪಸ್. ನನ್ನ ಅಂಕೋಲಾದ ಅರ್ಧ ಪುಟದಲ್ಲಿ ಇವೆರಡೂ ಇರ್ಲಿಲ್ಲ. ಪತ್ರ ರಿಜಿಸ್ಟರ್ ಮಾಡ್ಸಿದ್ರೆ ಇಸಿಲಿ ಕಾಣ್ತದೆ, ಅದೇ ಮನೆಯನ್ನ ಇನ್ನೊಬ್ಬರಿಗೆ ತೋರ್ಸೋಕೆ ಕಷ್ಟ ಆಗ್ತದೆ. ಇದ್ರಲ್ಲೇ ಮನೆಯ ಕಬ್ಜಾ (ಸ್ವಾಧೀನ) ತಗೊಂಡ್ರಿ ಅಂತ ಬರ್ದ್ರೆ ಖರೀದಿ ಪತ್ರದಷ್ಟೇ ಸ್ಟ್ಯಾಂಪ್ ಡ್ಯೂಟಿ ಬೀಳ್ತದೆ, ಹುಷಾರು. ಸಂಚಕಾರ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಲೇ ಕೊಡಿ, 20 ಸಾವಿರ ಮತ್ತೆ ಅದಕ್ಕಿಂತ ಮೇಲೆ ನಗದು ತಗೊಳ್ಳೋ ಹಂಗೇ ಇಲ್ಲ.

6. ಖರ್ಚಿನ ಲೆಕ್ಕ

ಸ್ಟ್ಯಾಂಪ್ ಡ್ಯೂಟಿ 5%, ಆ ಡ್ಯೂಟಿ ಮೊತ್ತದ ಮೇಲೆ 10% ಸೆಸ್, ಹಳ್ಳಿಲಿ 3%, ಪೇಟೆಲಿ 2% ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದಿದ್ದು 2% ಆಗಿದೆ. ಪಂಚಾಯ್ತಿ ವ್ಯಾಪ್ತಿಲಿ 40 ಲಕ್ಷದ ಮನೆ ಅಂದ್ರೆ ಡ್ಯೂಟಿ 2,00,000, ಸೆಸ್ 20,000, ಸರ್‌ಚಾರ್ಜ್ 6,000, ನೋಂದಣಿ 80,000, ಒಟ್ಟು 3,06,000. ಮಾರ್ಗಸೂಚಿ ಬೆಲೆ (ಸರ್ಕಾರ ಗೊತ್ತು ಮಾಡಿದ್ದು), ನಿಮ್ಮ ಬೆಲೆ ಎರಡರಲ್ಲಿ ಯಾವ್ದು ಜಾಸ್ತಿನೋ ಅದರ ಮೇಲೆ ಲೆಕ್ಕ. ಪತ್ರದಲ್ಲಿ ಕಡಿಮೆ ತೋರ್ಸಿ ಉಳಿದಿದ್ದು ಕೈಯಲ್ಲಿ ಕೊಡಿ ಅಂತ ಹೇಳೋರು ಸಿಕ್ಕೇ ಸಿಗ್ತಾರೆ, ಒಳ್ಳೇ ವಕೀಲರು ಅದನ್ನ ಒಪ್ಪೋದಿಲ್ಲ, ಯಾಕಂದ್ರೆ ನಾಳೆ ವ್ಯವಹಾರ ಮುರಿದ್ರೆ ನಿಮ್ಗೆ ವಾಪಸ್ ಕೇಳೋಕೆ ಆಧಾರ ಇರೋದು ಪತ್ರದಲ್ಲಿ ಬರೆದಷ್ಟಕ್ಕೇ.

ಬೆಲೆ 50 ಲಕ್ಷ ಅಥವಾ ಮೇಲಿದ್ರೆ 1% ಟಿಡಿಎಸ್ (ಮೊದ್ಲೇ ಮುರ್ಕೊಳ್ಳೋ ಆದಾಯ ತೆರಿಗೆ) ಕೊಳ್ಳೋರೇ ಮುರಿದು ಕಟ್ಟಬೇಕು. ಮಾರೋರು ಅನಿವಾಸಿ ಆಗಿದ್ರೆ ಈ 50 ಲಕ್ಷದ ಮಿತಿಯೂ ಇಲ್ಲ, ದರವೂ ಬೇರೆ ಮತ್ತೆ ಬಹಳ ಜಾಸ್ತಿ, ತಪ್ಪಿದ್ರೆ ಹೊಣೆ ನಿಮ್ಮ ಮೇಲೆ, ಅದಕ್ಕೆ ಆಡಿಟರ್ ಹತ್ರನೂ ಕೇಳಿ.

ಮಾರೋರ ಬ್ಯಾಂಕ್ ಸಾಲ ಇನ್ನೂ ಇದ್ರೆ ನಿಮ್ಮ ದುಡ್ಡು ನೇರ ಆ ಸಾಲದ ಖಾತೆಗೇ ಹೋಗ್ಲಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡ್ಬೇಕು, ತಡ ಆದ್ರೆ ದಿನಕ್ಕೆ 5,000 ರೂಪಾಯಿ ಬ್ಯಾಂಕೇ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರಿಂದ ಇದೆ.

7. ಖರೀದಿ ಪತ್ರದ ಕರಡು

ರಿಜಿಸ್ಟ್ರೇಷನಿಗೆ ಕಮ್ಮಿ ಅಂದ್ರೂ ನಾಲ್ಕು ದಿನ ಮೊದ್ಲು ಕರಡು ಮನೆಗೆ ತಂದು, ಇಬ್ರು ಕೂತು ಜೋರಾಗಿ ಓದಿ. ಹೆಸರಿನ ಕಾಗುಣಿತ ಆಧಾರಲ್ಲಿ, ಪ್ಯಾನಲ್ಲಿ, ಪಹಣಿಲಿ ಒಂದೇ ಇದ್ಯಾ. ಸರ್ವೆ ನಂಬರ್, ಹಿಸ್ಸಾ, ಗುಂಟೆ ಆಣೆ. ನಾಲ್ಕು ದಿಕ್ಕಿನ ಚೆಕ್ಕುಬಂದಿ ಸ್ಕೆಚ್ಚಿಗೆ ತಾಳೆ ಆಗ್ತದಾ. ನಮ್ಮ ಕರಡಲ್ಲಿ ಪೂರ್ವಕ್ಕೆ ಇದ್ದ ರಸ್ತೆ ಪಶ್ಚಿಮಕ್ಕೆ ಬರ್ದೋಗಿತ್ತು, ನಾಲ್ಕು ಸಲ ಓದಿದ ನಾವು ಯಾರೂ ಗಮನಿಸಿರ್ಲಿಲ್ಲ, ಹತ್ತನೇ ತರಗತಿಲಿ ಓದೋ ನನ್ನ ಮಗಳು ನಕಾಶೆ ಪಕ್ಕ ಇಟ್ಕೊಂಡು ಓದಿ ಹಿಡಿದಿದ್ದು. ಹಂಗೇ ಬಿಟ್ಟಿದ್ರೆ ಮತ್ತೆ ಎಲ್ಲ ಮಾರಾಟಗಾರರನ್ನೂ ಸೇರ್ಸಿ ತಿದ್ದುಪಡಿ ಪತ್ರ ಮಾಡ್ಸಬೇಕಿತ್ತು. ಹಕ್ಕಲ್ಲಿ ಮುಂದೆ ದೋಷ ಬಂದ್ರೆ ನಷ್ಟ ಮಾರಾಟಗಾರರು ತುಂಬ್ಕೊಡ್ಬೇಕು ಅನ್ನೋ ಸಾಲು ಇರ್ಬೇಕು, ಕೊಟ್ಟ ಮೂಲ ಪತ್ರಗಳ ಪಟ್ಟಿನೂ ಪತ್ರದಲ್ಲೇ ಬರ್ಲಿ.

8. ರಿಜಿಸ್ಟ್ರೇಷನ್ ದಿನ

ಕರಡು ಮೊದ್ಲೇ ಕಾವೇರಿಲಿ ಅಪ್‌ಲೋಡ್ ಆಗಿ, ಸಬ್‌ರಿಜಿಸ್ಟ್ರಾರ್ ಪರಿಶೀಲಿಸಿ ಒಪ್ಪಿದ್ಮೇಲೆ ಶುಲ್ಕ ಕಟ್ಟಿ ಟೈಮ್ ಸ್ಲಾಟ್ ತಗೊಳ್ಳೋದು. ಅವತ್ತು ಬೆಳಿಗ್ಗೆ ಇಸಿ ಮತ್ತೆ ಪಹಣಿ ಇನ್ನೊಂದ್ಸಲ ತೆಗ್ದು ನೋಡೋಕೆ ವಕೀಲರಿಗೆ ಹೇಳಿ, ಎರಡು ತಿಂಗಳ ಹಿಂದಿಂದು ಹಳೇದಾಯ್ತು.

ದುಡ್ಡು ಮೊದ್ಲಾ ಸಹಿ ಮೊದ್ಲಾ ಅನ್ನೋ ಇಕ್ಕಟ್ಟು ಬರೋದು ಇಲ್ಲೇ. ನಮ್ಮ ವಕೀಲರು ಮಾಡಿದ್ದು ಹಿಂಗೆ: ಡಿಡಿ ನಂಬರ್, ದಿನಾಂಕ ಎಲ್ಲ ಪತ್ರದಲ್ಲೇ ಟೈಪ್ ಆಗಿತ್ತು, ಜೆರಾಕ್ಸ್ ಮಾರೋರ ಕೈಗೆ ಮೊದ್ಲೇ ಕೊಟ್ಟಿದ್ರು, ಮೂಲ ಡಿಡಿಗಳು ಮತ್ತೆ ಮನೆಯ ಮೂಲ ಪತ್ರಗಳು ಎರಡೂ ಅವರ ಚೀಲದಲ್ಲಿ. ಫೋಟೋ, ಹೆಬ್ಬೆಟ್ಟು ಆಗಿ, ಹಣ ಮುಟ್ಟಿತಾ ಅಂತ ಕೇಳೋ ಹೊತ್ತಿಗೆ ಡಿಡಿ ಆ ಕಡೆ, ಪತ್ರದ ಕಟ್ಟು ಮತ್ತೆ ಬೀಗದ ಕೈ ಈ ಕಡೆ, ಒಂದೇ ಹೊತ್ತಿಗೆ. ವಯಸ್ಸಾದ ಮಾರಾಟಗಾರರಿಗೆ ಪತ್ರದಲ್ಲಿ ಏನಿದೆ ಅಂತ ವಕೀಲರು ಅವರ ಭಾಷೆಲೇ ಹೇಳ್ಲಿ, ಮಡಗಾಂವಿನ ಆ ಅಕ್ಕನಿಗೆ ನಮ್ಮ ವಕೀಲರು ಕೊಂಕಣಿಲಿ ಪೂರ್ತಿ ವಿವರಿಸಿ ಆಮೇಲೇ ಹೆಬ್ಬೆಟ್ಟು ಒತ್ಸಿದ್ರು.

ಪತ್ರಕ್ಕೆ ಸಹಿ ಆಗಿ ಯಾವ್ದೋ ಕಾರಣಕ್ಕೆ ಅವತ್ತು ಹಾಜರು ಮಾಡೋಕೆ ಆಗ್ಲಿಲ್ಲ ಅಂದ್ರೆ ಗಾಬರಿ ಬೇಡ, ಸಹಿ ಆದ ದಿನದಿಂದ 4 ತಿಂಗಳು ಕಾಲ ಇದೆ, ಆದ್ರೆ ಅಷ್ಟು ದಿನ ಬಿಡೋದು ಜಾಣತನ ಅಲ್ಲ.

9. ಆಮೇಲಿನ ಕೆಲಸ

ಹೆಚ್ಚಿನವರು ಇಲ್ಲಿಗೆ ಮುಗೀತು ಅಂತ ಪಾಯಸ ಮಾಡಿ ಸುಮ್ನಾಗ್ತಾರೆ. ವಕೀಲರ ಫೀಯ ಕೊನೆಯ ಕಂತನ್ನ ಮ್ಯುಟೇಶನ್ ಆದ್ಮೇಲೆ ಕೊಡ್ತೇನೆ ಅಂತ ಮೊದ್ಲೇ ಮಾತಾಡ್ಕೊಂಡಿದ್ರೆ ಒಳ್ಳೇದು. ಪಹಣಿ ಇರೋ ಜಾಗ ಆದ್ರೆ ನಿಮ್ಮ ಹೆಸರು 9ನೇ ಕಾಲಮಿಗೆ ಬರೋ ತನಕ, ಪಂಚಾಯ್ತಿ ಅಥವಾ ನಗರಸಭೆಲಿ ಖಾತೆ ಬದಲಾಗೋ ತನಕ ಬೆನ್ನು ಹತ್ಬೇಕು. ಹೆಸ್ಕಾಂ ಮೀಟರ್, ನಲ್ಲಿ, ಮನೆ ತೆರಿಗೆ ಹೆಸರು ಬದಲಾಯ್ಸಿ. ಒಂದು ತಿಂಗಳು ಬಿಟ್ಟು ಹೊಸ ಇಸಿ ತೆಗ್ಸಿ, ನಿಮ್ಮ ಖರೀದಿ ಅದ್ರಲ್ಲಿ ಬಂದಿದ್ಯಾ ನೋಡಿ, ಆ ಪ್ರತಿನೂ ಪತ್ರದ ಜೊತೆಲೇ ಇಡಿ.

ಮೂಲ ಪತ್ರಗಳನ್ನ ಲ್ಯಾಮಿನೇಷನ್ ಮಾಡ್ಸಬೇಡಿ, ಮುದ್ರೆ, ಹೆಬ್ಬೆಟ್ಟು ಪರೀಕ್ಷೆ ಮಾಡ್ಬೇಕಾಗಿ ಬಂದ್ರೆ ಅದೇ ತೊಂದ್ರೆ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಕಪಾಟೊಳಗೂ ಬೂಸ್ಟು ಬರ್ತದೆ, ಹಂಗಾಗಿ ದಪ್ಪ ಪ್ಲಾಸ್ಟಿಕ್ ಕವರಿಗೆ ತೇವ ಹೀರೋ ಪೊಟ್ಟಣ ಒಂದೆರಡು ಹಾಕಿ ಇಟ್ಟು, ಮಳೆಗಾಲ ಮುಗಿದ ಕೂಡ್ಲೇ ಒಂದ್ಸಲ ಹೊರಗೆ ತೆಗ್ದು ಗಾಳಿಗೆ ಬಿಡಿ, ಬಿಸಿಲಿಗೆ ಇಡ್ಬೇಡಿ. ಸ್ಕ್ಯಾನ್ ಮಾಡಿದ ಪ್ರತಿ ಮನೆಯವರ ಇಬ್ಬರ ಫೋನಲ್ಲೂ ಇರ್ಲಿ, ವಕೀಲರು ವಂಶವೃಕ್ಷ ಬರೆದ ಆ ಹಳೇ ಕವರು ಇದ್ರೆ ಅದನ್ನೂ ಬಿಸಾಡ್ಬೇಡಿ, ನಮ್ಮದು ಖರೀದಿ ಪತ್ರದ ಜೊತೆಗೇ ಇದೆ.